ಆಲ್ಫಾ ಅಲೆ ಕಂಡ ಹಾನ್ಸ್ ಬರ್ಗರ್

1873ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಹಾನ್ಸ್ ಬರ್ಗರರು ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಕೂದಲೆಳೆಯಲ್ಲಿ ಪಾರಾದರು. ಅದೇ ಸಂಜೆ ತಂದೆಯಿಂದ ತಂತಿ! ಸೋದರಿಗೆ ಏಕೋ ದಿಗಿಲಾಗಿತ್ತಂತೆ. ಮುಂಬಯಿಗೆ ಬಂದ ನಮ್ಮ ಹಿರಿಯರಿಗೂ ತಂತಿಯೆಂದರೆ ದಿಗಿಲೇ. ಆ ದಿಗಿಲು ನಡೆದ ದಾರಿಯನ್ನು ಬರ್ಗರರು ಮಿದುಳಿನಲ್ಲಿ ಹುಡುಕಹೊರಟರು.

ಯೇನಾ ನಗರದಲ್ಲಿ 1924ರಲ್ಲಿ ಮಾನವ ಮಿದುಳಿನ ವಿದ್ಯುತ್ತನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣುಮುಚ್ಚಿ ನಿರಾಳವಾಗಿದ್ದಾಗ ಸೆಕೆಂಡಿಗೆ ಸುಮಾರು 10ರಂತೆ ಏಳುವ ಆಲ್ಫಾ ಅಲೆ, ಕಣ್ಣು ತೆರೆದೊಡನೆ ಅಡಗುತ್ತದೆ. ಇಂದು ತಲೆಗೆ ಅದೇ ಲಯದ ಸಣ್ಣ ವಿದ್ಯುತ್ ಹರಿಸಿ, ಆ ಅಲೆಯನ್ನು ಹೆಚ್ಚಿಸಿ ಆತಂಕ ತಗ್ಗಿಸುವ ಪ್ರಯೋಗಗಳು ನಡೆಯುತ್ತಿವೆ. ಫಲ ಇನ್ನೂ ಖಚಿತವಲ್ಲ.

1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಸಮರ್ಥಿಸುವವರೆಗೆ ಬರ್ಗರರನ್ನು ನಂಬಿದವರು ವಿರಳ. ಬಲವಂತದ ಸಂತಾನಶಕ್ತಿಹರಣಕ್ಕೆ ತೀರ್ಪು ಕೊಡುವ ನಾಜಿ ನ್ಯಾಯಾಲಯದಲ್ಲಿ ಅವರು ಕುಳಿತದ್ದನ್ನು ಮಾತ್ರ ನಾವು ಮನ್ನಿಸಲಾರೆವು. ಖಿನ್ನತೆಗೆ ಸಿಕ್ಕಿ 1941ರ ಜೂನ್ 1ರಂದು ತಾವೇ ಪ್ರಾಣ ಕಳೆದುಕೊಂಡರು.