ಟಾಮ್ ಸಿಂಪ್ಸನ್

ಇಂಗ್ಲೆಂಡಿನ ಡರ್ಹಮ್ ಪ್ರಾಂತದ ಹ್ಯಾಸ್‌ವೆಲ್ ಎಂಬ ಹಳ್ಳಿಯಲ್ಲಿ 1937ರ ನವೆಂಬರ್ 30ರಂದು ಟಾಮ್ ಸಿಂಪ್ಸನ್ ಜನಿಸಿದನು. ತಂದೆ ಕಲ್ಲಿದ್ದಲ ಗಣಿಯ ಕೂಲಿಕಾರ. ಆರು ಮಕ್ಕಳಲ್ಲಿ ಇವನೇ ಕಿರಿಯ. ಅಂಗಡಿಯ ಸಾಮಾನುಗಳನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದ ಈ ಬಡಕಲು ಹುಡುಗ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ತಂಡದ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದನು.

ಸೈಕಲ್ ಸವಾರಿಯೇ ಜೀವನೋಪಾಯವಾಗಬೇಕಾದರೆ ಫ್ರಾನ್ಸಿಗೇ ಹೋಗಬೇಕಾಗಿತ್ತು. 1959ರಲ್ಲಿ ಅಲ್ಪ ಉಳಿತಾಯದೊಂದಿಗೆ ಸಿಂಪ್ಸನ್ ಅಲ್ಲಿಗೆ ಹೊರಟನು. ಫ್ರಾನ್ಸನ್ನು ಸುತ್ತಿಬರುವ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಮುಂದಿರುವವನು ಧರಿಸುವ ಹಳದಿ ಅಂಗಿಯನ್ನು 1962ರಲ್ಲಿ ತೊಟ್ಟ ಮೊದಲ ಬ್ರಿಟಿಷನು ಈತನೇ. 1965ರಲ್ಲಿ ವಿಶ್ವ ಚಾಂಪಿಯನ್ ಆದನು. ಮರುವರ್ಷ ಕಾಲು ಮುರಿದು, ಸಂಪಾದನೆ ಕುಸಿಯಿತು. 1967ರ ಟೂರ್‌ನಲ್ಲಿ ಹೇಗಾದರೂ ಮೇಲೆ ಬರಲೇಬೇಕೆಂಬ ಹಟ ಹಿಡಿದನು.

ಜುಲೈ 13. ಬೋಳು ಬಂಡೆಗಳ ವೆಂತೂ ಪರ್ವತ, ಸುಡುವ ಬಿಸಿಲು. ಹೊಟ್ಟೆ ಕೆಟ್ಟು ಆತ ಮೊದಲೇ ಸೊರಗಿದ್ದನು. ಶಿಖರಕ್ಕೆ ಇನ್ನು ಸ್ವಲ್ಪವೇ ದೂರವಿರುವಾಗ ಓಲಾಡಿ ಬಿದ್ದನು. ಮತ್ತೆ ಸೈಕಲ್ ಹತ್ತಿಸಿದರು. ಮತ್ತೆ ಬಿದ್ದನು, ಏಳಲಿಲ್ಲ. ವಯಸ್ಸು 29. ಅಂಗಿಯ ಜೇಬಿನಲ್ಲಿ ಆಂಫೆಟಮೈನ್ ಗುಳಿಗೆಗಳ ಕೊಳವೆಗಳಿದ್ದವು. ಶವಪರೀಕ್ಷೆಯಲ್ಲೂ ಆ ಮದ್ದು ಕಂಡುಬಂದಿತು. ಅದು ಶಕ್ತಿಯನ್ನು ಕೊಡುವುದಿಲ್ಲ; ದಣಿವಿನ ಅರಿವನ್ನಷ್ಟೇ ಅಳಿಸುತ್ತದೆ. ನಿಲ್ಲು ಎಂದು ದೇಹ ಕೂಗಿದರೂ ಸವಾರನಿಗೆ ಕೇಳಿಸುವುದಿಲ್ಲ.

ಈತನನ್ನು ವೀರನೆನ್ನಬೇಕೋ, ಮೋಸಗಾರನೆನ್ನಬೇಕೋ? ಎರಡೂ ನಿಜವೆಂದೇ ನನಗನಿಸುತ್ತದೆ. ಅಂದು ಹಲವು ಸವಾರರು ಇಂಥ ಮದ್ದನ್ನು ಸೇವಿಸುತ್ತಿದ್ದರು. 1966ರಲ್ಲಿ ಟೂರ್‌ನಲ್ಲಿ ಮೊದಲ ಬಾರಿಗೆ ಪರೀಕ್ಷೆ ನಡೆದಾಗ ಅವರು ದಾರಿಯಲ್ಲೇ ಸೈಕಲ್ ಇಳಿದು ಪ್ರತಿಭಟಿಸಿದ್ದರು! ಸಿಂಪ್ಸನ್ನನ ಸಾವಿನ ನಂತರ ಪರೀಕ್ಷೆ ಬಿಗಿಯಾಯಿತು. ಆದರೆ ಹೊಸ ಮದ್ದುಗಳೂ ಬಂದವು. ರಕ್ತದ ಕೆಂಪು ಕಣಗಳನ್ನು ಹೆಚ್ಚಿಸುವ ಇ.ಪಿ.ಒ.ವನ್ನು ಪತ್ತೆಹಚ್ಚುವ ಪರೀಕ್ಷೆ ಸಿದ್ಧವಾದದ್ದು 2000ದಲ್ಲಿ. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಏಳು ಟೂರ್ ಪ್ರಶಸ್ತಿಗಳನ್ನು ಕಿತ್ತುಕೊಂಡದ್ದು 2012ರಲ್ಲಿ. ಅಷ್ಟು ವರ್ಷ ಪರೀಕ್ಷೆಗಳು ಆತನನ್ನು ಹಿಡಿದಿರಲಿಲ್ಲ. 2008ರಿಂದ ಪ್ರತಿ ಸವಾರನ ರಕ್ತದ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟು ಹೋಲಿಸುವ ಪದ್ಧತಿಯಿದೆ. ಅಂದಿಗಿಂತ ಇಂದು ಮೋಸ ಕಷ್ಟವೆಂಬುದಂತೂ ನಿಜ. ಕ್ರೀಡೆ ಪೂರ್ತಿ ಶುದ್ಧವಾಯಿತೆಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಸಿಂಪ್ಸನ್ ಬಿದ್ದ ಜಾಗದ ಬಳಿ ಒಂದು ಸ್ಮಾರಕಶಿಲೆಯಿದೆ. ಬೆಟ್ಟ ಹತ್ತುವ ಸವಾರರು ಇಂದಿಗೂ ಅಲ್ಲಿ ಇಳಿದು, ತಮ್ಮ ನೀರಿನ ಬಾಟಲಿಯನ್ನೋ ಟೊಪ್ಪಿಗೆಯನ್ನೋ ಇಟ್ಟು ಮುಂದೆ ಸಾಗುತ್ತಾರೆ.