ಬರಿಗಾಲಿನ ಓಟಗಾರ

ಅಬೆಬೆ ಬಿಕಿಲನು 1932ರಲ್ಲಿ ಇಥಿಯೋಪಿಯ ದೇಶದ ಜಾಟೊ ಎಂಬ ಬೆಟ್ಟನಾಡಿನ ಹಳ್ಳಿಯಲ್ಲಿ ಜನಿಸಿದನು. ಬಾಲ್ಯದಲ್ಲಿ ದನ ಕಾಯುತ್ತಿದ್ದ ಆತನು ಪ್ರಾಯಕ್ಕೆ ಬಂದ ಮೇಲೆ ಚಕ್ರವರ್ತಿಯ ಅಂಗರಕ್ಷಕ ಪಡೆಯನ್ನು ಸೇರಿದನು. ಸ್ವೀಡನ್ನಿನ ಓನಿ ನಿಸ್ಕಾನೆನ್ ಎಂಬ ಶಿಕ್ಷಕನು ಆತನನ್ನು ಓಟದಲ್ಲಿ ಪಳಗಿಸಿದನು.

1960ರ ರೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಬಿಕಿಲನು ಮ್ಯಾರಥಾನ್ ಓಟಕ್ಕೆ ನಿಂತನು. ದೂರ 42.195 ಕಿಲೋಮೀಟರ್. ಹೊಸ ಪಾದರಕ್ಷೆಗಳು ಕಾಲಿಗೆ ಹೊಂದದಿರಲು ಆತನು ಬರಿಗಾಲಿನಲ್ಲಿಯೇ ಓಡಿದನು. ಕಲ್ಲುಹಾಸಿನ ಬೀದಿಯಲ್ಲಿ, ಪಂಜುಗಳ ಬೆಳಕಿನಲ್ಲಿ ಸಾಗಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದನು. 1935ರಲ್ಲಿ ತನ್ನ ತಾಯ್ನಾಡಿನ ಮೇಲೆ ದಂಡೆತ್ತಿ ಬಂದಿದ್ದ ಇಟಲಿಯ ರಾಜಧಾನಿಯಲ್ಲಿಯೇ ಆತನಿಗೆ ಈ ಜಯ ದೊರೆಯಿತು.

1964ರಲ್ಲಿ, ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ, ಟೋಕಿಯೊ ನಗರದಲ್ಲಿಯೂ ಆತನೇ ಗೆದ್ದನು. ಗುರಿ ಮುಟ್ಟಿದ ಬಳಿಕ ದಣಿದು ಕೂರದೆ ಹುಲ್ಲಿನ ಮೇಲೆ ಅಂಗಸಾಧನೆ ಮಾಡುತ್ತಿದ್ದ ಆತನನ್ನು ಕಂಡು ಪ್ರೇಕ್ಷಕರು ಬೆರಗಾದರು. ಒಲಿಂಪಿಕ್ ಮ್ಯಾರಥಾನನ್ನು ಎರಡು ಬಾರಿ ಗೆದ್ದವರಲ್ಲಿ ಆತನೇ ಮೊದಲಿಗನು.

1969ರ ಮೋಟಾರು ಅಪಘಾತವೊಂದು ಆ ಕಾಲುಗಳ ಚಲನೆಯನ್ನೇ ಕಸಿದುಕೊಂಡಿತು. ಆದರೂ ಬಿಕಿಲನು ಕ್ರೀಡೆಯನ್ನು ತೊರೆಯಲಿಲ್ಲ. ಮರುವರ್ಷ ಇಂಗ್ಲೆಂಡಿನಲ್ಲಿ ನಡೆದ ಅಂಗವಿಕಲರ ಕ್ರೀಡಾಕೂಟದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲು ಹಿಡಿದನು. 1973ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ, ಆತನು ನಿಧನ ಹೊಂದಿದನು. ಓಟವು ಆತನಿಗೆ ಕಾಲುಗಳಲ್ಲಿ ಬಲವನ್ನಷ್ಟೇ ತುಂಬಿರಲಿಲ್ಲ. ಕಾಲುಗಳು ಸೋತಾಗಲೂ ಸೋಲದ ಮನಸ್ಸನ್ನು ನೀಡಿತ್ತು.