ನಾಗವಲ್ಲಿ ಹೋದ ಮೇಲೆ ಗಂಗಾ

ನಮ್ಮ ಕಡೆ ದೆವ್ವದ ಕತೆಗೆ ಭಾಷೆಯ ಗಡಿ ಇಲ್ಲ. ಬಳ್ಳಾರಿಯ ಒಂದೇ ಓಣಿಯಲ್ಲಿ ಆ ಮನೆಯವರು ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ತೆಲುಗಿನಲ್ಲಿ ಓದಿ ಹೆದರಿದರೆ, ಈ ಮನೆಯವರು ಅದನ್ನೇ ಕನ್ನಡದಲ್ಲಿ ಓದಿ ಹೆದರಿದವರು. ಅದು ನಮ್ಮವ್ವನ ಕಾಲದ ಮಾತು. ನಮ್ಮ ಕಾಲಕ್ಕೆ ಮೊಬೈಲ್ ಇದೆ. ಸಿರುಗುಪ್ಪದಿಂದ ಬಳ್ಳಾರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ತೆಕ್ಕಲಕೋಟೆ ಬರುವಷ್ಟರಲ್ಲಿ ಒಂದು ಕಂತು ಮುಗಿಯಬೇಕು, ಬಳ್ಳಾರಿ ಬರುವಷ್ಟರಲ್ಲಿ ಇನ್ನೆರಡು. ಪಾಳುಬಂಗಲೆ, ಹಳೆಯ ಕೊಲೆ, ಮುನ್ನೂರು ವರ್ಷದ ಹಿಂದೆ ಸತ್ತ ರಾಜಕುಮಾರ, ಅವನ ಮೇಲೆ ಮನಸ್ಸಾದ ಈ ಕಾಲದ ಹುಡುಗಿ. ಇನ್ನೂರು ಮುನ್ನೂರು ಕಂತು ಓಡುವ ಧಾರಾವಾಹಿಗಳು ಇವು. ಕೀಳೆಂದು ಮೂಗು ಮುರಿಯುವವರು ಬಹಳ ಜನ. ನನಗೆ ಇವು ಇಷ್ಟ, ಯಾಕೆಂದರೆ ಇವುಗಳಲ್ಲಿ ರಾತ್ರಿ ಟಾರ್ಚ್ ಹಿಡಿದು ಒಳಗೆ ಹೋಗುವವಳು ಹುಡುಗಿಯೇ. ಮುಚ್ಚಿದ ಕೋಣೆಯ ಬೀಗ ತೆಗೆಯುವವಳೂ ಅವಳೇ. ಹೊರಗೆ ನಿಂತು ಬೇಡ ಬೇಡ ಅನ್ನುವವನು ಗಂಡಸು.

ತ್ರಿವೇಣಿ ನನ್ನ ಕೈಗೆ ಸಿಕ್ಕಿದ್ದು ಇದೇ ಚಟದಿಂದ. ಬಳ್ಳಾರಿಯ ಗ್ರಂಥಾಲಯದ ಕಾದಂಬರಿ ಕಪಾಟಿನಲ್ಲಿ ಅವರ ಹೆಸರುಗಳನ್ನು ಓದುತ್ತಾ ಹೋಗಿ: ‘ಬೆಕ್ಕಿನ ಕಣ್ಣು’, ‘ಮುಚ್ಚಿದ ಬಾಗಿಲು’, ‘ಕೀಲುಗೊಂಬೆ’, ‘ಶರಪಂಜರ’. ಪತ್ತೇದಾರಿ ಬರೆಯುವವರೂ ಇಂಥ ಹೆಸರಿಗೆ ಆಸೆ ಪಡುತ್ತಾರೆ! ನಾಲ್ಕರಲ್ಲಿ ಒಂದರಲ್ಲೂ ದೆವ್ವ ಇಲ್ಲ. ಆದರೆ ದೆವ್ವ ಬಡಿದಿದೆ ಎಂದು ಜನ ಆಡಿಕೊಳ್ಳಬಹುದಾದ ಹೆಂಗಸರಿದ್ದಾರೆ. ಅಂಥವರ ಒಳಗೆ ನಿಜವಾಗಿ ಏನಾಗಿದೆ ಎಂದು ಕೇಳಿದ ಲೇಖಕಿ ಈಕೆ.

ಅವರ ಹೆಸರು ಅನಸೂಯ. ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯದಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ. ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು ನಾವೆಲ್ಲ ಪಠ್ಯದಲ್ಲಿ ಓದಿದ ಬಿ.ಎಂ.ಶ್ರೀ, ಅಂದರೆ ಬಿ.ಎಂ. ಶ್ರೀಕಂಠಯ್ಯ. ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಮುಂದೆ ಕಾದಂಬರಿಕಾರ್ತಿಯಾದರು. ಬರವಣಿಗೆಯ ಮನೆತನ ಎಂದು ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ದೊಡ್ಡವರ ಮನೆಯಲ್ಲಿ ಹುಟ್ಟಿದವರೆಲ್ಲ ಬರೆಯುವುದಿಲ್ಲ.

ನನ್ನ ಪ್ರಕಾರ ಅವರ ಬದುಕಿನ ದೊಡ್ಡ ತಿರುವು ಮೈಸೂರಿನ ಮಹಾರಾಜಾ ಕಾಲೇಜಿನ ತರಗತಿಯಲ್ಲಿದೆ. ಅಲ್ಲಿ ಅವರು ಓದಿದ್ದು ಮನಃಶಾಸ್ತ್ರ. 1947ರಲ್ಲಿ ಬಿ.ಎ. ಮುಗಿಯಿತು. ಆ ವರ್ಷದ ಬಗ್ಗೆ ಸ್ವಲ್ಪ ಯೋಚಿಸಿ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ಪ್ರಾಥಮಿಕಕ್ಕೇ ನಿಲ್ಲುತ್ತಿತ್ತು. ತಲೆ ಕೆಟ್ಟವರನ್ನು ಕಟ್ಟಿಹಾಕುವುದು, ಇಲ್ಲವೇ ಮಂತ್ರವಾದಿಯ ಹತ್ತಿರ ಕರೆದೊಯ್ಯುವುದು, ಇವೆರಡೇ ಜನಕ್ಕೆ ಗೊತ್ತಿದ್ದ ಚಿಕಿತ್ಸೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಟ್ಟದ ತರಬೇತಿ ಸಂಸ್ಥೆ ಶುರುವಾದದ್ದೇ 1954ರಲ್ಲಿ. ಮುಂದೆ ಇವೆರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದಕ್ಕೂ ಎಷ್ಟೋ ಮೊದಲೇ ಒಬ್ಬ ಹತ್ತೊಂಬತ್ತರ ಹುಡುಗಿಗೆ ಸುಪ್ತಮನಸ್ಸು, ಭ್ರಮೆ, ಬಾಲ್ಯದ ಭಯ ಎಂಬ ಮಾತುಗಳೆಲ್ಲ ಪರಿಚಯವಾಗಿದ್ದವು.

ಇಂಗ್ಲಿಷ್ ಅಧ್ಯಾಪಕರಾದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಅನಸೂಯಾ ಶಂಕರ್ ಆದರು. ಬರೆಯುವಾಗ ತ್ರಿವೇಣಿ. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅದರ ಕತೆ ಅಲ್ಲಿಗೇ ನಿಲ್ಲದೆ ‘ಅಪಜಯ’ದಲ್ಲಿ ಮುಂದುವರಿಯಿತು. ಎರಡನೇ ಭಾಗಕ್ಕೆ ಕಾಯುವ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ ಅನ್ನಿ! ಅಲ್ಲಿಂದ ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿಗಳು, ಜೊತೆಗೆ ಕಥಾಸಂಕಲನಗಳು. ವರ್ಷಕ್ಕೆ ಎರಡು ಕಾದಂಬರಿಯ ಲೆಕ್ಕ. ಅದೂ ಮನೆ ನಡೆಸಿಕೊಂಡು. 1960ರಲ್ಲಿ ‘ಅವಳ ಮನೆ’ ಕಾದಂಬರಿಗೆ ದೇವರಾಜ ಬಹಾದ್ದೂರ್ ಬಹುಮಾನ ಬಂತು.

ಆಗಿನ ದೊಡ್ಡ ವಿಮರ್ಶಕರಿಗೆ ಹೆಂಗಸರು ಬರೆದದ್ದೆಲ್ಲ ಅಡುಗೆಮನೆ ಸಾಹಿತ್ಯ. ಮೊಬೈಲ್ ಧಾರಾವಾಹಿಗಳಿಗೆ ಈಗ ಸಿಗುವ ಮರ್ಯಾದೆಯೂ ಹೆಚ್ಚುಕಡಿಮೆ ಇದೇ. ಆದರೆ ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಗೊತ್ತಿದ್ದವರು ಹಾಗೆ ಹಗುರವಾಗಿ ಮಾತಾಡಲಾರರು. ‘ಬೆಳ್ಳಿಮೋಡ’ದ ಇಂದಿರಾಳನ್ನೇ ನೋಡಿ. ಆಸ್ತಿಗೆ ಒಬ್ಬಳೇ ವಾರಸುದಾರಳು ಎಂದಿರುವ ತನಕ ಮೋಹನ್‌ಗೆ ಅವಳು ಬೇಕು. ಅವಳ ಅಪ್ಪನ ಹಣದಲ್ಲೇ ಓದಿ ಬರುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಇವನ ಪ್ರೀತಿ ಕರಗುತ್ತದೆ. ಆಮೇಲೆ ಇವನು ಕಾಲು ಮುರಿದುಕೊಂಡು ಬಿದ್ದಾಗ ಆರೈಕೆ ಮಾಡುವವಳು ಅವಳೇ. ಮನಸ್ಸು ಬದಲಾಗಿ ಮದುವೆಗೆ ಬಂದವನನ್ನು ಬೇಡ ಅನ್ನುವವಳೂ ಅವಳೇ. ಕೂಗಾಟ ಇಲ್ಲ, ಸೇಡು ಇಲ್ಲ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವಾಗಿ ಅದು 1967ರಲ್ಲಿ ತೆರೆಗೆ ಬಂತು. ಇಂದಿರಾ ಆದವರು ಕಲ್ಪನಾ. ಕಿತ್ತು ತಿನ್ನುವ ರಕ್ತಪಿಶಾಚಿಯ ಎದುರು ನಿಲ್ಲುವ ನಾಯಕಿಯರನ್ನು ನಾನು ಬೇಕಾದಷ್ಟು ಓದಿದ್ದೇನೆ. ತಾನು ಬಯಸಿದವನೇ ಬಾಗಿಲಿಗೆ ಬಂದಾಗ ಬೇಡ ಅನ್ನುವ ಗಟ್ಟಿತನ ಅವರಲ್ಲಿ ಎಷ್ಟು ಜನರಿಗಿತ್ತೋ!

ಈಗ ‘ಆಪ್ತಮಿತ್ರ’ ನೆನಪಿಸಿಕೊಳ್ಳಿ. 2004ರ ಚಿತ್ರ. ನಮ್ಮ ವಯಸ್ಸಿನವರು ಟಿವಿಯಲ್ಲಿ ಹತ್ತು ಸಲವಾದರೂ ನೋಡಿದ್ದೇವೆ. ಅದರಲ್ಲಿನ ತೆಲುಗು ಹಾಡಿಗೆ ನಮ್ಮ ಬಳ್ಳಾರಿಯಲ್ಲಿ ಯಾರೂ ಅರ್ಥ ಕೇಳಬೇಕಾಗಿಲ್ಲ. ಗಂಗಾಳ ಮೈಮೇಲೆ ನಾಗವಲ್ಲಿ ಬಂದಿದ್ದಾಳೆಂದು ಊರು ಅಂದರೆ, ಇದು ಮನಸ್ಸಿನ ಕಾಯಿಲೆ ಎಂದು ಡಾಕ್ಟರ್ ಅನ್ನುತ್ತಾರೆ. ಉಪಾಯದಿಂದ ನಾಗವಲ್ಲಿಯನ್ನು ಕಳಿಸುತ್ತಾರೆ. ಚಪ್ಪಾಳೆ, ಚಿತ್ರ ಮುಗಿಯಿತು. ಮಾರನೆಯ ದಿನದಿಂದ ಗಂಗಾಳ ಸಂಸಾರ ಹೇಗೆ ನಡೆಯಿತು? ಅವಳು ಚಾಕು ಹಿಡಿದು ತರಕಾರಿ ಹೆಚ್ಚುವಾಗ ಮನೆಯವರು ಎಲ್ಲಿ ನಿಂತಿದ್ದರು? ಯಾರ ಮೇಲಾದರೂ ಸಿಟ್ಟು ಮಾಡಿಕೊಂಡರೆ ಅದನ್ನು ಗಂಗಾಳ ಸಿಟ್ಟು ಅಂದರೋ, ನಾಗವಲ್ಲಿ ಮತ್ತೆ ಬಂದಳು ಅಂದರೋ?

ತ್ರಿವೇಣಿಯವರ ‘ಶರಪಂಜರ’ ಈ ಪ್ರಶ್ನೆಯ ಮೇಲೆಯೇ ನಿಂತಿದೆ, ಆಪ್ತಮಿತ್ರಕ್ಕಿಂತ ನಾಲ್ಕು ದಶಕ ಮೊದಲು. ಕಾವೇರಿಗೆ ಪ್ರೀತಿಸುವ ಗಂಡನಿದ್ದಾನೆ, ಸುಖವಾದ ಸಂಸಾರವಿದೆ. ಎರಡನೇ ಹೆರಿಗೆಯ ನಂತರ ಬುದ್ಧಿಸ್ಥಿಮಿತ ತಪ್ಪುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿ, ಗುಣವಾಗಿ, ಮನೆಗೆ ಬರುತ್ತಾಳೆ. ಬೇರೆಯವರಾಗಿದ್ದರೆ ಕತೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ನಿಜವಾದ ಕತೆ ಅಲ್ಲಿಂದ ಶುರು. ಗಂಡ ಮೊದಲಿನಂತಿಲ್ಲ. ಮಗುವನ್ನು ಅವಳ ಕೈಗೆ ಕೊಡಲು ಹಿಂಜರಿಕೆ. ನಕ್ಕರೆ ಒಂದು ಅರ್ಥ, ಅತ್ತರೆ ಇನ್ನೊಂದು. ಅವಳಿಗೆ ಗುಣವಾದದ್ದನ್ನು ನಂಬಲು ಯಾರೂ ತಯಾರಿಲ್ಲ. ಸುತ್ತಲಿನವರ ಆ ನೋಟಗಳೇ ಬಾಣಗಳು, ಅವುಗಳ ನಡುವೆ ಅವಳು. ಕೊನೆಗೆ ಕಾಯಿಲೆ ಮರಳುತ್ತದೆ. ಪುಟ್ಟಣ್ಣ ಇದನ್ನು 1971ರಲ್ಲಿ ಸಿನಿಮಾ ಮಾಡಿದರು. ಕಾವೇರಿಯ ಪಾತ್ರ ಕಲ್ಪನಾ ಅವರದೇ. ಅವರ ಆ ಕೊನೆಯ ದೃಶ್ಯಗಳನ್ನು ನಮ್ಮವ್ವ ಇವತ್ತಿಗೂ ಕುಳಿತು ನೋಡಲಾರಳು, ಎದ್ದು ಒಳಗೆ ಹೋಗುತ್ತಾಳೆ.

ಕುರುಗೋಡಿಗೆ ಕೊಟ್ಟ ನಮ್ಮ ದೊಡ್ಡವ್ವನ ಮಗಳು, ನನಗೆ ಅಕ್ಕ, ಬಾಣಂತನಕ್ಕೆ ಸಿರುಗುಪ್ಪಕ್ಕೆ ಬಂದಿದ್ದಳು. ಹೆರಿಗೆಯಾಗಿ ಎರಡನೇ ವಾರಕ್ಕೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಗೋಡೆಯ ಜೊತೆ ಮಾತು. ಈ ಮಗು ನನ್ನದಲ್ಲ, ಬದಲಾಯಿಸಿದ್ದಾರೆ ಅನ್ನತೊಡಗಿದಳು. ಹೊಲದ ಕಡೆಯಿಂದ ಬಂದ ಗಾಳಿ ಸೋಕಿದೆ ಎಂದು ನಿಂಬೆಹಣ್ಣು, ತಾಯತ, ಹೊಗೆ ಎಲ್ಲ ಆದವು. ಹಿರಿಯಳೊಬ್ಬಳು ಮಾತ್ರ, ಇದು ಬಾಣಂತಿ ಸನ್ನಿ, ಮೊದಲು ದವಾಖಾನೆಗೆ ಒಯ್ಯಿರಿ ಎಂದು ಗದರಿದಳು. ನಮ್ಮ ಭಾಷೆಯಲ್ಲಿ ಆ ಕಾಯಿಲೆಗೆ ಹೆಸರು ಮೊದಲಿನಿಂದ ಇತ್ತು, ನೋಡಿ. ಸಾವಿರ ಹೆರಿಗೆಗೆ ಒಂದೆರಡು ತಾಯಂದಿರಿಗೆ ಬರುವ ಕಾಯಿಲೆ ಇದು. ಬೇಗ ಚಿಕಿತ್ಸೆಯಾದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಅಕ್ಕನನ್ನು ಬಳ್ಳಾರಿಯ ಡಾಕ್ಟರಿಗೆ ತೋರಿಸಿದರು. ಎರಡು ತಿಂಗಳಲ್ಲಿ ಅವಳು ನಮ್ಮ ಮೊದಲಿನ ಅಕ್ಕ ಆದಳು. ಗುಳಿಗೆ ಮಾತ್ರ ಇನ್ನೂ ಇತ್ತು.

ಆಮೇಲೆ ಕುರುಗೋಡಿಗೆ ಹೋದಳು. ಅಲ್ಲಿ ಮಗುವಿಗೆ ಎರೆಯುವುದು ಅತ್ತೆ, ಉಣಿಸುವುದು ನಾದಿನಿ. ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಗದ್ದಲದಲ್ಲಿ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ, ಮೂರು ಜನ ಒಟ್ಟಿಗೆ ಅವಳ ಕೈಯನ್ನೇ ನೋಡಿದರಂತೆ. ಯಾರೂ ಬೈದಿಲ್ಲ, ಹೊಡೆದಿಲ್ಲ. ಒಳ್ಳೆಯ ಜನ. ಫೋನಿನಲ್ಲಿ ಅವಳು ಇದನ್ನು ಹೇಳುವಾಗ ನಾನು ‘ಶರಪಂಜರ’ದ ನಡುವಿನಲ್ಲಿದ್ದೆ. ಮೈಸೂರಿನ ಒಬ್ಬ ಹೆಣ್ಣುಮಗಳು ಅರವತ್ತು ವರ್ಷದ ಹಿಂದೆ ಕುರುಗೋಡಿನ ಆ ಮೂರು ಜೊತೆ ಕಣ್ಣುಗಳನ್ನು ನೋಡಿ ಬರೆದಂತಿತ್ತು.

ತ್ರಿವೇಣಿ ಬರೆದದ್ದೆಲ್ಲ ಒಂದೇ ತೂಕದ್ದಲ್ಲ. ಅವರ ಡಾಕ್ಟರುಗಳು ಒಮ್ಮೊಮ್ಮೆ ಕತೆ ನಿಲ್ಲಿಸಿ ಪಾಠ ಮಾಡುತ್ತಾರೆ. ಅವರ ಮನೆಗಳೆಲ್ಲ ಹಳೇ ಮೈಸೂರಿನ ಓದಿದವರ ಮನೆಗಳು. ನಮ್ಮ ಸಿರುಗುಪ್ಪದ ಗದ್ದೆಗಳಲ್ಲಿ ಬಾಣಂತನ ಮುಗಿಯುವ ಮೊದಲೇ ಭತ್ತ ನಾಟಿಗೆ ಇಳಿಯುವ ಹೆಂಗಸರು ಅಲ್ಲಿ ಇಲ್ಲ. ಅವರಿಗೆ ಸನ್ನಿಯಾದರೆ ಕೇಳುವವರು ಯಾರು ಎಂಬ ಕಾದಂಬರಿಯನ್ನು ಈ ಕಡೆಯವರೇ ಯಾರಾದರೂ ಬರೆಯಬೇಕು.

1963ರ ಜುಲೈನಲ್ಲಿ ತ್ರಿವೇಣಿಯವರಿಗೆ ಹೆಣ್ಣುಮಗು ಹುಟ್ಟಿತು. ಬಾಣಂತಿ ಕಾವೇರಿಯ ಕತೆ ಬರೆಯುವಾಗ ಅವರು ಇನ್ನೂ ತಾಯಿಯಾಗಿರಲಿಲ್ಲ. ಮಗು ಹುಟ್ಟಿದ ಕೆಲವೇ ದಿನಕ್ಕೆ, ಜುಲೈ 29ರಂದು, ತೀರಿಕೊಂಡರು. ವಯಸ್ಸು 35 ತುಂಬಿರಲಿಲ್ಲ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿಯನ್ನು ದಿನವೂ ಓದುತ್ತಿದ್ದಾಗ ನನಗೆ ಈ ತಾರೀಖು ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಅರವತ್ತು ವರ್ಷದಲ್ಲಿ ಏನೆಲ್ಲ ಬದಲಾಗಿದೆ. ಇದಿನ್ನೂ ಬದಲಾಗಿಲ್ಲ.

ಅವರು ಹೋದಾಗ ‘ಅವಳ ಮಗಳು’ ಎಂಬ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಇನ್ನೊಬ್ಬ ಲೇಖಕಿ ಎಂ.ಸಿ. ಪದ್ಮಾ ಅದನ್ನು ಬರೆದು ಮುಗಿಸಿದರು. ಕೈ ಬದಲಾದದ್ದು ಎಲ್ಲಿ ಎಂದು ನಾನು ಪತ್ತೇದಾರಳಂತೆ ಹುಡುಕುತ್ತಾ ಓದಬೇಕೆಂದಿದ್ದೇನೆ. ಅದಕ್ಕೆ ಮೊದಲು ‘ಬೆಳ್ಳಿಮೋಡ’ ವಾಪಸ್ ಬರಬೇಕು. ಅದು ಅಕ್ಕನ ಹತ್ತಿರ ಇದೆ. ‘ಶರಪಂಜರ’ ಕೊಡಲು ನನಗೇ ಧೈರ್ಯ ಬಂದಿರಲಿಲ್ಲ, ಅದನ್ನು ಅವಳೇ ಹೆಸರು ಹಿಡಿದು ಕೇಳಿ ಒಯ್ದಿದ್ದಳು. ಓದಿ, ಅತ್ತೆಯ ಕೈಗೂ ಕೊಟ್ಟಿದ್ದಾಳೆ. ಅತ್ತೆಗೆ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದಂತೆ, ಇನ್ನೂ ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದಿಲ್ಲ. ಗ್ರಂಥಾಲಯದವರು ಎರಡು ಸಲ ಅವಧಿ ಮುಂದೂಡಿ ಕೊಟ್ಟಿದ್ದಾರೆ. ಮೂರನೆಯ ಸಲವೂ ಕೇಳಿ ನೋಡು ಅಂದಿದ್ದಾಳೆ ಅಕ್ಕ.